ಓದುಗ ದೊರೆ ಈಗ ಎಲ್ಲಿದ್ದಾನೆ?

ಟಿವಿ ಸುದ್ದಿಯವರಿಗೆ ವಾರಕ್ಕೊಂದೇ ದಿನ ಎದೆ ಹೊಡೆದುಕೊಳ್ಳುತ್ತದೆ. ಗುರುವಾರ ಟಿಆರ್‌ಪಿ ಬರುತ್ತದೆ, ಯಾರಿಗೋ ಸಿಹಿ, ಯಾರಿಗೋ ಮೆಮೊ. ಶುಕ್ರವಾರದಿಂದ ಮತ್ತೆ ಎಂದಿನ ಕೂಗಾಟ. ವೆಬ್ ಸುದ್ದಿಯವರಿಗೆ ಆ ನಡುವಿನ ನೆಮ್ಮದಿಯೂ ಇಲ್ಲ. ಅವರ ಡೆಸ್ಕಿನ ಎದುರು ಗೋಡೆಯಲ್ಲೊಂದು ಪರದೆ. ಈ ಕ್ಷಣ ಎಷ್ಟು ಮಂದಿ, ಯಾವ ಊರಿಂದ, ಯಾವ ಸುದ್ದಿ ತೆರೆದು ಕೂತಿದ್ದಾರೆ ಎಂಬುದೆಲ್ಲ ಅದರಲ್ಲಿ ಕುಣಿಯುತ್ತಿರುತ್ತದೆ. ಬೆಳಗ್ಗೆ ಒಳಗೆ ಬಂದ ಸಂಪಾದಕರು ಮೊದಲು ನೋಡುವುದು ಅದನ್ನೇ. ನೀವು ಹೇಳಿದ ನಮಸ್ಕಾರಕ್ಕೆ ಪ್ರತಿನಮಸ್ಕಾರ ಸಿಗಬೇಕಾದರೆ ಸಂಖ್ಯೆ ನಾಲ್ಕಂಕಿ ದಾಟಿರಬೇಕು.

ಈ ಗೋಡೆಭಕ್ತಿಯ ಮೂಲಪೀಠ ನ್ಯೂಯಾರ್ಕ್. ಚಾರ್ಟ್‌ಬೀಟ್ ಎಂಬ ಎಣಿಕೆಯಂತ್ರ 2009ರಲ್ಲಿ ಅಲ್ಲೇ ಹುಟ್ಟಿದ್ದು. ಅದೇ ಊರಿನ ಗಾಕರ್ ಎಂಬ ಗಾಸಿಪ್ ಜಾಲತಾಣದ ಕಚೇರಿಯಲ್ಲಿ ಯಾವ ಬರಹ ಎಷ್ಟು ಓಡುತ್ತಿದೆ ಎಂದು ಇಡೀ ಕಚೇರಿಗೆ ಕಾಣುವಂತೆ ದೊಡ್ಡ ಪರದೆ ಹಾಕಿದ್ದರು. 2016ರಲ್ಲಿ ಕೋರ್ಟು ವಿಧಿಸಿದ ಪರಿಹಾರದ ಮೊತ್ತ ಕಟ್ಟಲಾಗದೆ ಗಾಕರ್ ಬಾಗಿಲು ಹಾಕಿತು. ಬರುವವರ ಲೆಕ್ಕವೆಲ್ಲ ಗೋಡೆಯ ಮೇಲೇ ಇತ್ತು. ಬರುತ್ತಿದ್ದ ಗಂಡಾಂತರ ಮಾತ್ರ ಅದರಲ್ಲಿ ಕಾಣಿಸಲಿಲ್ಲ. ಅಷ್ಟರಲ್ಲಿ ಗೂಗಲ್ ಅನಲಿಟಿಕ್ಸ್ 2011ರಿಂದ ಇದೇ ಸೇವೆಯನ್ನು ಪುಕ್ಕಟೆಯಾಗಿ ಹಂಚಿ, ಪರದೆ ಕೊಳ್ಳುವಷ್ಟು ದುಡ್ಡಿದ್ದ ಎಲ್ಲರನ್ನೂ ಭಕ್ತರನ್ನಾಗಿ ಮಾಡಿತ್ತು.

ಯಂತ್ರ ಸುಳ್ಳು ಹೇಳುವುದಿಲ್ಲ. ತನ್ನ ಮಾತಿಗೆ ಅರ್ಥವೇನೆಂದು ಕೈಪಿಡಿಯಲ್ಲಿ ಬರೆದೇ ಇಟ್ಟಿದೆ, ಕೈಪಿಡಿ ಓದುವಷ್ಟು ಪುರಸೊತ್ತು ನಮಗಿಲ್ಲ. ಗೂಗಲಿನ ಈಗಿನ ಆವೃತ್ತಿಯಲ್ಲಿ ‘ರಿಯಲ್ ಟೈಮ್’ ಅಂದರೆ ಕಳೆದ ಮೂವತ್ತು ನಿಮಿಷ. ಬೆಂಗಳೂರಿನವರು ಸಿಲ್ಕ್ ಬೋರ್ಡಿನಲ್ಲಿ ನಿಂತು ‘ಇಗೋ ಬಂದೆ’ ಅನ್ನುವುದಕ್ಕೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಇನ್ನು ಓದುಗನ ತಲ್ಲೀನತೆಯ ವಿಚಾರ. ಬಂದವನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದರೆ ಅದು ‘ಎಂಗೇಜ್ಡ್’ ಭೇಟಿ. ನಮ್ಮ ಪುಟಗಳಲ್ಲಿ ಜಾಹೀರಾತು ಮುಚ್ಚುವ ಇಂಟು ಗುರುತು ಎಲ್ಲಿದೆ ಎಂದು ಹುಡುಕುವುದಕ್ಕೇ ಅಷ್ಟು ಸಮಯ ಬೇಕು. ಹತ್ತು ಸೆಕೆಂಡ್ ನಿಲ್ಲದಿದ್ದರೂ ಎರಡು ಪುಟ ತೆರೆದರೆ ಅದೇ ಪದವಿ ಸಿಗುತ್ತದೆ. ನಟಿಯ ಮದುವೆಯ ಹನ್ನೆರಡು ಫೋಟೊಗಳಿಗೆ ಹನ್ನೆರಡು ಪುಟ ಯಾಕೆ ಎಂದು ನೀವು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದರೆ, ಇಗೋ ಉತ್ತರ.

ಪರದೆಯ ಮಹಿಮೆಯನ್ನು ಕಣ್ಣಾರೆ ಕಾಣಬೇಕಾದರೆ ಜುಲೈ ತಿಂಗಳ ಮಳೆಯಲ್ಲಿ, ಸಂಜೆ ಆರರ ಮೇಲೆ ಹೋಗಬೇಕು. ಕೊಡಗು, ಉಡುಪಿ, ದಕ್ಷಿಣ ಕನ್ನಡದ ಮಕ್ಕಳೆಲ್ಲ ಏಕಕಾಲಕ್ಕೆ ಒಂದೇ ಪ್ರಶ್ನೆಯನ್ನು ಫೋನಿಗೆ ಹಾಕುವ ಹೊತ್ತು. ಜಿಲ್ಲಾಧಿಕಾರಿ ಇನ್ನೂ ಕಡತ ನೋಡಿರುವುದಿಲ್ಲ, ಅಷ್ಟರಲ್ಲಿ ಶೀರ್ಷಿಕೆ ಸಿದ್ಧ: ‘ನಾಳೆ ಶಾಲೆಗಳಿಗೆ ರಜೆ? ಇಲ್ಲಿದೆ ಬಿಗ್ ಅಪ್‌ಡೇಟ್’. ಕೆಳಗೆ ಎಂಟು ಪ್ಯಾರಾ. ಮುಂಗಾರು ಎಂದರೇನು, ಆರೆಂಜ್ ಅಲರ್ಟ್ ಎಂದರೇನು, ಕಳೆದ ವರ್ಷ ಏನಾಗಿತ್ತು, ರಜೆ ಘೋಷಿಸುವ ಅಧಿಕಾರ ಯಾರಿಗಿದೆ. ಎಂಟನೆಯದರ ಕೊನೇ ಸಾಲು: ‘ಈ ಬಗ್ಗೆ ಅಧಿಕೃತ ಆದೇಶ ಇನ್ನಷ್ಟೇ ಹೊರಬೀಳಬೇಕಿದೆ.’ ಪರದೆಯ ಗೆರೆ ನೆಟ್ಟಗೆ ಮೇಲೇರುತ್ತದೆ, ಡೆಸ್ಕಿನಲ್ಲಿ ಚಪ್ಪಾಳೆ. ಆಮೇಲೆ ನಿಜವಾಗಿಯೂ ಆದೇಶ ಬರುತ್ತದೆ, ಅದರ ಪಿಡಿಎಫ್ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ನಮಗಿಂತ ಮೊದಲೇ ಹೋಗಿರುತ್ತದೆ, ಗೆರೆ ದೊಪ್ಪನೆ ಬೀಳುತ್ತದೆ. ಸುದ್ದಿ ಇಲ್ಲದಾಗ ಇದ್ದ ಓದುಗ ಸುದ್ದಿ ಬಂದಾಗ ಇಲ್ಲ. ಇದರಿಂದ ಸಂಪಾದಕೀಯ ವಿಭಾಗ ಕಲಿತ ಪಾಠ ಏನಿರಬಹುದು, ನೀವೇ ಊಹಿಸಿ.

ಅದೇ ಸಂಜೆ ರಾಯಚೂರಿನ ವರದಿಗಾರ ನಾರಾಯಣಪುರ ಬಲದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದ ಬಗ್ಗೆ ಊರೂರು ಅಲೆದು ಬರೆದ ವರದಿಯೂ ಪ್ರಕಟವಾಗಿರುತ್ತದೆ. ಆತ ಡೆಸ್ಕಿಗೆ ಫೋನ್ ಮಾಡುತ್ತಾನೆ.

“ಮೇಡಂ, ನನ್ನ ಸ್ಟೋರಿ ಹ್ಯಾಂಗ್ ಓಡ್ಲಿಕತ್ತದ?”

“ಒಂಬತ್ತು ಜನ ಇದ್ದಾರೆ ಸರ್.”

ಆ ಒಂಬತ್ತರಲ್ಲಿ ಒಬ್ಬ ವರದಿಗಾರ ತಾನೇ. ಇನ್ನೊಬ್ಬರು, ಎಷ್ಟು ಓಡುತ್ತಿದೆ ನೋಡೋಣವೆಂದು ಲಿಂಕ್ ತೆರೆದ ಮೇಡಂ. ಕಚೇರಿಯ ಐಪಿ ವಿಳಾಸವನ್ನು ಲೆಕ್ಕದಿಂದ ತೆಗೆಯುವ ವ್ಯವಸ್ಥೆ ಇದೆ, ಯಾರೂ ತೆಗೆಸಿರುವುದಿಲ್ಲ. ತೆಗೆದರೆ ಒಳ್ಳೆಯ ವರದಿಗಳಿಗೆ ಓದುಗರೇ ಉಳಿಯುವುದಿಲ್ಲವೆಂಬ ಕರುಣೆಯೂ ಇರಬಹುದು. ‘ರಾಯಚೂರು: ಸೊನ್ನೆ’ ಅನ್ನುತ್ತದೆ ಪರದೆ. ಮೊಬೈಲ್ ಇಂಟರ್ನೆಟ್ಟಿನಲ್ಲಿ ಬಂದವನ ಊರನ್ನು ಯಂತ್ರ ಐಪಿ ವಿಳಾಸ ನೋಡಿ ಅಂದಾಜಿಸುವುದು. ಸಿರವಾರದ ಹೊಲದ ಬದುವಿನಲ್ಲಿ ಕೂತು ಓದಿದವನು ಕಂಪನಿಯ ಗೇಟ್‌ವೇ ಇರುವ ಬೆಂಗಳೂರಿನವನೋ ಹೈದರಾಬಾದಿನವನೋ ಆಗಿಬಿಡುತ್ತಾನೆ. ಸಂಪಾದಕರು ಆ ಸೊನ್ನೆ ತೋರಿಸಿ ಕೇಳುತ್ತಾರೆ: “ರಾಯಚೂರಿನವರೇ ಓದಲ್ಲ ಅಂದ್ಮೇಲೆ ರಾಯಚೂರಿನ ಸುದ್ದಿ ಯಾರಿಗಮ್ಮ?” ಕಾಲುವೆಯ ಕೊನೆ ಭಾಗಕ್ಕೆ ನೀರೂ ಬರಲಿಲ್ಲ, ಲೆಕ್ಕವೂ ಬರಲಿಲ್ಲ. ಏಳೂವರೆಗೆ ಆ ವರದಿ ಮುಖಪುಟದಿಂದ ಕೆಳಗಿಳಿದು, ಆ ಜಾಗಕ್ಕೆ ಇಂದಿನ ಚಿನ್ನದ ಬೆಲೆ ಬರುತ್ತದೆ.

ಇಷ್ಟಾದರೂ ನಮ್ಮನ್ನು ಮೊದಲಿಂದ ಕೊನೆವರೆಗೆ, ಒಂದಕ್ಷರ ಬಿಡದೆ ಓದುವವರು ಇದ್ದಾರೆ: ರೋಬಾಟ್‌ಗಳು. 2024ರಲ್ಲಿ ಇಂಟರ್ನೆಟ್ ಓಡಾಟದ ಶೇ 51ರಷ್ಟು ಮನುಷ್ಯರದ್ದಲ್ಲ ಎಂದು ಇಂಪರ್ವಾ ಎಂಬ ಭದ್ರತಾ ಕಂಪನಿ ಲೆಕ್ಕ ಕೊಟ್ಟಿದೆ. ಗುರುತು ಪರಿಚಯವಿರುವ ರೋಬಾಟ್‌ಗಳನ್ನು ಗೂಗಲ್ ತಾನೇ ಬಾಗಿಲಲ್ಲಿ ತಡೆಯುತ್ತದೆ. ಗುರುತು ಸಿಗದವು ಒಳಗೆ ಬಂದು ಮಾನ್ಯ ಓದುಗರಾಗುತ್ತವೆ. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನ ಎಷ್ಟೋ ವೆಬ್‌ಸೈಟ್‌ಗಳ ಲೆಕ್ಕದಲ್ಲಿ ಚೀನಾದ ಲಾನ್‌ಝೌ ನಗರದಿಂದ ಹೀಗೇ ದಂಡು ದಂಡಾಗಿ ‘ಸಂದರ್ಶಕರು’ ಇಳಿದರು. ಬಂದರು, ಏನನ್ನೂ ಮುಟ್ಟಲಿಲ್ಲ, ಹೋದರು.

ನವೆಂಬರ್ ತಿಂಗಳು ಬೇರೆ. ಕನ್ನಡದ ಡೆಸ್ಕೊಂದರಲ್ಲಿ ನಡುರಾತ್ರಿ ಗೆರೆ ಆಕಾಶಕ್ಕೇರಿದ್ದನ್ನು ಕಂಡು ರಾತ್ರಿ ಪಾಳಿಯ ಹುಡುಗ ಸಂಪಾದಕರನ್ನೇ ಎಬ್ಬಿಸಿದ.

“ಸರ್, ಲಾನ್‌ಝೌನಲ್ಲಿ ನಮ್ಮದು ಸಖತ್ತಾಗಿ ಓಡ್ತಿದೆ. ಆದ್ರೆ ಬಂದೋರು ಯಾರೂ ಒಂದ್ ಸೆಕೆಂಡೂ ನಿಲ್ತಿಲ್ಲ.”

“ಕೆಲಸದಲ್ಲಿರ್ತಾರೆ ಕಣೋ, ಬಿಡುವಾದಾಗ ಇಣುಕ್ತಾರೆ. ಅಲ್ಲೊಂದು ಕನ್ನಡ ಸಂಘ ಇರ್ಬೇಕು, ಅಧ್ಯಕ್ಷರ ನಂಬರ್ ಹುಡುಕು.”

ಬೆಳಗ್ಗೆ ಹತ್ತಕ್ಕೆ ಜಾಹೀರಾತು ವಿಭಾಗ ‘ಅನಿವಾಸಿ ಕನ್ನಡಿಗರ ಅಚ್ಚುಮೆಚ್ಚು’ ಎಂಬ ಸ್ಲೈಡ್ ಮಾಡಿ ಮುಗಿಸಿತ್ತು. ಅಧ್ಯಕ್ಷರ ರಾಜ್ಯೋತ್ಸವ ಸಂದೇಶಕ್ಕೆ ಕಾಲು ಪುಟ ಖಾಲಿ ಬಿಡಲಾಗಿದೆ. ಫೋಟೊ ಒಂದು ಬರಬೇಕಂತೆ.