ರೇಡಿಯೇಟರ್ ಮೀಮಾಂಸೆ

ಯಾವ ಶಾಸ್ತ್ರವಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಪಂಪು ಏರಿಸಿ, ದೊಡ್ಡ ಟರ್ಬೊ ಕೂರಿಸಿ, ಕೈಯಲ್ಲಿದ್ದ ಕಾಸೆಲ್ಲ ಕರಗಿದ ಮೇಲೆ ರೇಡಿಯೇಟರ್ ನೆನಪಾದವನೇ ಇಲ್ಲಿ ಅಧಿಕಾರಿ. ವಿಷಯ, ಕುದಿಯುವ ನೀರು. ಪ್ರಯೋಜನ, ಅದು ಕುದಿಯದಿರುವುದು. ಸಂಬಂಧವೇನೆಂಬುದು ಹೆಡ್ ಗ್ಯಾಸ್ಕೆಟ್ ಹೋದ ದಿನ ಅಧಿಕಾರಿಗೆ ತಾನಾಗಿಯೇ ಹೊಳೆಯುತ್ತದೆ, ಗುರೂಪದೇಶ ಬೇಕಿಲ್ಲ.

ಈ ಶಾಸ್ತ್ರದ ಮೂಲಗ್ರಂಥ ಕಮಿನ್ಸ್ ಬಿ ಸರಣಿಯ 5.9 ಲೀಟರ್, ಆರು ಸಿಲಿಂಡರ್ ಡೀಸೆಲ್ ಎಂಜಿನ್. ಮೂಲ ಒಂದೇ, ಶಾಖೆ ಎರಡು. 1989ರ ಡಾಡ್ಜ್ ಪಿಕಪ್‌ನಲ್ಲಿ ಅದು 160 ಅಶ್ವಶಕ್ತಿಯೊಂದಿಗೆ ಅಮೆರಿಕದಲ್ಲಿ ಅವತರಿಸಿತು. ಅಲ್ಲಿನ ಭಾಷ್ಯಕಾರರು ವ್ಯಾಖ್ಯಾನದ ಮೇಲೆ ವ್ಯಾಖ್ಯಾನ ಹೇರಿ ಸಾವಿರ ದಾಟಿಸಿದ್ದೂ ಉಂಟು. ಇತ್ತ ಟಾಟಾ ಕಮಿನ್ಸ್ ಜಮ್‌ಶೇಡ್‌ಪುರದಲ್ಲಿ ಅದೇ ಸರಣಿಯನ್ನು ತಯಾರಿಸಿ ಟಾಟಾ ಲಾರಿಗಳಿಗೆ ಕೊಟ್ಟಿತು. ಮಂಗಳೂರು ಬಂದರಿನಲ್ಲಿ ಲೋಡು ಹೇರಿಕೊಂಡು ಶಿರಾಡಿ ಘಾಟಿ ಹತ್ತುವವರದು ಈ ಎರಡನೆಯ ಶಾಖೆ. ಟೆಕ್ಸಾಸ್ ಶಾಖೆಯವರು ಎಂಜಿನ್ ಕಟ್ಟಿಸುವುದು ಅಶ್ವಶಕ್ತಿ ಸಾಲದೆಂದು. ಶಿರಾಡಿ ಶಾಖೆಯವರು ಟನ್ನು ಸಾಲದೆಂದು. ಕುದಿಯುವ ವಿಚಾರದಲ್ಲಿ ಮಾತ್ರ ಎರಡೂ ಶಾಖೆಗಳದು ಶುದ್ಧಾದ್ವೈತ.

ಕುದಿಯುವುದೇಕೆ? ಉರಿದ ಡೀಸೆಲ್‌ನ ಶಾಖದಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಗಾಲಿಯ ಕಡೆ ಹೋಗುತ್ತದೆ. ಸುಮಾರು ಅಷ್ಟೇ ಸೈಲೆನ್ಸರಿನಲ್ಲಿ ಹೊಗೆಯಾಗುತ್ತದೆ. ಮಿಕ್ಕಿದ್ದರಲ್ಲಿ ಬಹುಪಾಲು ನೀರಿನ ತಲೆಗೆ. ಶಕ್ತಿ ಇಮ್ಮಡಿಸಿದರೆ ನೀರಿನ ಪಾಲೂ ಹೆಚ್ಚುಕಡಿಮೆ ಇಮ್ಮಡಿ. ಪಾಲು ಕೇಳುವುದರಲ್ಲಿ ಶಾಖ ಯಾವ ದಾಯಾದಿಗೂ ಕಡಿಮೆಯಿಲ್ಲ. ಅದರ ಮೇಲೆ ಘಾಟಿಯಲ್ಲಿ ಎಂಜಿನ್ನಿಗೆ ಪೂರ್ತಿ ದುಡಿತ, ಗಾಡಿಗೆ ಕಾಲ್ನಡಿಗೆಯವರ ವೇಗ. ಎದುರುಗಾಳಿ ಎಂಬುದೇ ಇಲ್ಲ, ಫ್ಯಾನೇ ಗತಿ.

ಇಲ್ಲಿ ಮೊದಲ ಪೂರ್ವಪಕ್ಷ: ‘ಥರ್ಮೋಸ್ಟಾಟ್ ಕಿತ್ತು ಬಿಸಾಕು.’ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಇದಕ್ಕೆ ಶ್ರುತಿಯಷ್ಟೇ ಪ್ರಾಮಾಣ್ಯ. ಖಂಡನೆ ಹೀಗೆ: ಸುಮಾರು 82 ಡಿಗ್ರಿಯಲ್ಲಿ ಬಾಯಿಬಿಡುವ ಆ ಕವಾಟ ಹಲವು ಎಂಜಿನ್‌ಗಳಲ್ಲಿ ತಾನು ತೆರೆಯುತ್ತಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕವಾಟವೇ ಇಲ್ಲವಾದರೆ ಬೈಪಾಸ್ ತೆರೆದೇ ಇದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನಿಗೆ ಹಿಂದಿರುಗುತ್ತದೆ. ಘಾಟಿಯಲ್ಲಿ ಕುದಿತ, ಬಯಲಿನಲ್ಲಿ ತಣ್ಣಗೆ ಓಡಿ ಡೀಸೆಲ್ ಪೋಲು, ಬೋರ್ ಸವೆತ. ಇಹವೂ ಇಲ್ಲ, ಪರವೂ ಇಲ್ಲ.

ಎರಡನೆಯದು ‘ಸಾಲು ಹೆಚ್ಚಿಸು’ ಪಕ್ಷ. ಎರಡು ಸಾಲಿನ ರೇಡಿಯೇಟರ್ ಕುದಿದರೆ ನಾಲ್ಕು ಸಾಲಿನದು ಹಾಕು, ಅದೂ ಕುದಿದರೆ ದೇವರಿದ್ದಾನೆ. ಆದರೆ ನಾಲ್ಕನೆಯ ಸಾಲಿಗೆ ಮುಟ್ಟುವುದು ಮೊದಲ ಮೂರು ಸಾಲುಗಳು ಉಂಡುಬಿಟ್ಟ ಎಂಜಲು ಗಾಳಿ. ಅಗಲ ಕೊಳವೆಯ ಎರಡೇ ಸಾಲು, ವಿಶಾಲವಾದ ಮುಖ, ಇದು ಮೇಲು. ತಾಮ್ರವೋ ಅಲ್ಯುಮಿನಿಯಮ್ಮೋ ಎಂಬ ವಾದದಲ್ಲಿ ತಾಮ್ರದ ಶಾಖವಾಹಕ ಗುಣ ದೊಡ್ಡದೆನ್ನುವುದು ಸತ್ಯವೇ. ಆದರೆ ಅಂಥ ರೇಡಿಯೇಟರಿನ ಕೊಳವೆ ಹಿತ್ತಾಳೆಯದು, ರೆಕ್ಕೆಗೂ ಕೊಳವೆಗೂ ನಡುವೆ ಬೆಸುಗೆ ಕೂತಿರುತ್ತದೆ ಎಂಬುದನ್ನು ವಾದಿಗಳು ಮರೆಯುತ್ತಾರೆ. ಹಾಗೆಂದು ತಾಮ್ರವಾದಿಗಳನ್ನು ಹಗುರಾಗಿ ಕಾಣಲಾಗದು. ರಾತ್ರಿ ಹೊತ್ತು ಗುಂಡ್ಯದ ಆಸುಪಾಸಿನಲ್ಲಿ ಸೋರಿದರೆ ಬೆಸುಗೆ ಹಾಕಬಲ್ಲವನು ಯಾವುದಕ್ಕೆ ಸಿಕ್ಕಾನು ಎಂಬ ಅವರ ಪ್ರಶ್ನೆಗೆ ಎದುರು ಪಕ್ಷ ಇನ್ನೂ ಉತ್ತರ ಕೊಟ್ಟಿಲ್ಲ.

ಚರಿತ್ರೆ ತುರುಕದ ಪ್ರಬಂಧಕ್ಕೆ ಮನ್ನಣೆಯಿಲ್ಲವಾದ್ದರಿಂದ ಅದನ್ನೂ ಇಲ್ಲೇ ಮುಗಿಸೋಣ. 1888ರಲ್ಲಿ ಬೆರ್ತಾ ಬೆಂಜ್ ಗಂಡನಿಗೆ ಹೇಳದೆ, ಮಕ್ಕಳಿಬ್ಬರನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಮೋಟಾರುಗಾಡಿ ಓಡಿಸಿದರು. ಆ ಗಾಡಿಗೆ ನೀರು ಕುದಿದು ಆವಿಯಾಗುವುದೇ ತಂಪು. ಹೀಗಾಗಿ ದಾರಿಯುದ್ದಕ್ಕೂ ನೀರು ಹುಯ್ಯಬೇಕಾಯಿತು. ಪ್ಲಾಸ್ಟಿಕ್ ಕ್ಯಾನ್ ಹಿಡಿದು ತೊರೆಗೆ ಇಳಿಯುವ ನಮ್ಮ ಕ್ಲೀನರ್‌ಗಳ ಗುರುಪರಂಪರೆ ಈಕೆಯಿಂದಲೇ ಆರಂಭ. 1901ರ ಮರ್ಸಿಡಿಸ್‌ಗೆ ಎಂಜಿನಿಯರ್ ಮೇಬಾಖ್ 8,070 ಪುಟ್ಟ ನಳಿಕೆಗಳ ಜೇನುಗೂಡು ರೇಡಿಯೇಟರ್ ಮಾಡಿ ಆ ಪರಂಪರೆಯನ್ನು ಮುರಿಯಲು ನೋಡಿದ. ಪೂರ್ತಿ ಸಾಧ್ಯವಾಗಲಿಲ್ಲ.

ಇನ್ನು ಸಿದ್ಧಾಂತ. ದೊಡ್ಡ ಲೋಹ ಕೊಳ್ಳುವ ಮುಂಚೆ ಗಾಳಿಯ ದಾರಿ ನೋಡತಕ್ಕದ್ದು. ಫ್ಯಾನಿನ ಸುತ್ತಲ ತಗಡಿನ ಕವಚ ಇಲ್ಲದಿದ್ದರೆ ಫ್ಯಾನು ಬಿಸಿಗಾಳಿಯನ್ನೇ ಅಲ್ಲಲ್ಲೇ ಗಿರಕಿ ಹೊಡೆಸುತ್ತದೆ. ಗ್ಯಾರೇಜಿನಲ್ಲಿ ಒಮ್ಮೆ ಬಿಚ್ಚಿದ ಕವಚ ಮತ್ತೆ ಗಾಡಿ ಏರುವುದು ಅಪರೂಪ. ಇಂಟರ್‌ಕೂಲರಿಗೂ ರೇಡಿಯೇಟರಿಗೂ ನಡುವಿನ ಸಂದಿನಲ್ಲಿ ಹುಲ್ಲು, ಹುಳ, ಕೆಸರು ಸೇರಿ ಎಂಟಡಿ ದೂರದಿಂದ ಕಾಣದ ಕಂಬಳಿ ನೇಯ್ದಿರುತ್ತವೆ. ಮುಂಭಾಗದ ಜಾಲರಿ, ಜರಿಮಾಲೆ, ಹಲಗೆಗಳು, ಹೆಚ್ಚುವರಿ ದೀಪಗಳು ದೃಷ್ಟಿಯನ್ನು ತಡೆಯುತ್ತವೋ ಇಲ್ಲವೋ, ಗಾಳಿಯನ್ನಂತೂ ನಿಷ್ಠೆಯಿಂದ ತಡೆಯುತ್ತವೆ. ಬೋರ್‌ವೆಲ್ ನೀರು ಹುಯ್ದರೆ ಒಳಗೋಡೆಗೆ ಸುಣ್ಣ ಕಟ್ಟಿ ಶಾಖ ದಾಟದು. ಇವೆಲ್ಲಕ್ಕೂ ಅಗ್ಗದ್ದು ರೇಡಿಯೇಟರ್ ಕ್ಯಾಪು: 15 ಪೌಂಡಿನ ಒಂದು ಸರಿಯಾದ ಕ್ಯಾಪು ಬರೀ ನೀರಿನ ಕುದಿಬಿಂದುವನ್ನೂ ಸುಮಾರು 120 ಡಿಗ್ರಿಗೆ ಏರಿಸುತ್ತದೆ. ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ಎಂಜಿನ್ನಿಗೆ ಹರಿದ ರಬ್ಬರಿನ ಹಳೇ ಕ್ಯಾಪನ್ನೇ ತಿರುಗಿಸುವ ಆಚಾರ ಮಾತ್ರ ಎರಡೂ ಶಾಖೆಗಳಲ್ಲಿ ಸಮಾನ.

ಕೊನೆಗೆ ಪ್ರಾಯಶ್ಚಿತ್ತ ಪ್ರಕರಣ. ಕುದಿ ಬಂದಾಗ ಟೆಕ್ಸಾಸಿನವರು ಎ.ಸಿ. ನಿಲ್ಲಿಸಿ ಹೀಟರ್ ಪೂರ್ತಿ ತೆರೆಯುವ ವ್ರತ ಹಿಡಿಯುತ್ತಾರೆ, ಏಕೆಂದರೆ ಹೀಟರೂ ಒಂದು ಚಿಕ್ಕ ರೇಡಿಯೇಟರೇ. ಹಳೆಯ ಟಾಟಾದಲ್ಲಿ ಎಂಜಿನ್ನಿನ ಪಕ್ಕಕ್ಕೇ ಕೂರುವ ಶಿರಾಡಿ ಡ್ರೈವರ್ ಆ ತಪಸ್ಸನ್ನು ನಿತ್ಯವೂ ಮಾಡುತ್ತಿರುವುದರಿಂದ ಅವನಿಗೆ ವಿನಾಯಿತಿ. ಬಿಸಿಯಿರುವಾಗ ಕ್ಯಾಪು ತೆಗೆಯಬಾರದು. ಒತ್ತಡ ಇಳಿದ ಕ್ಷಣವೇ ನೂರು ದಾಟಿದ ನೀರು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ತೆಗೆಯಲೇಬೇಕಾದರೆ ಅದರ ಅಧಿಕಾರ ಕ್ಲೀನರನಿಗೆ ಮಾತ್ರ ಎಂದು ರೂಢಿಯಿದೆ. ಈ ರೂಢಿಗೆ ಆಧಾರವೇನೆಂದು ವಿಚಾರಿಸಲಾಗಿ, ಡ್ರೈವರ್‌ಗಳೆಲ್ಲ ಒಮ್ಮತದಿಂದ ಪರಂಪರೆಯೆಂದರು. ಕ್ಲೀನರ್‌ಗಳ ಅಭಿಪ್ರಾಯ ದಾಖಲಿಸಲಾಗಲಿಲ್ಲ, ಅವರು ನೀರು ತರಲು ಹೋಗಿದ್ದರು.