ಹೆಲಿಕಾಪ್ಟರ್ ಸಾಹೇಬರ ಸನ್ನಿಧಿಗೆ

ಗೆ,
ಶ್ರೀಮಾನ್ ಹೆಲಿಕಾಪ್ಟರ್ ಸಾಹೇಬರು,
ವೈಮಾನಿಕ ಸಮೀಕ್ಷೆ ವಿಭಾಗ,
ಆಕಾಶ.

ವಿಷಯ: ಚಂಡಮಾರುತದ ನಂತರ ತಮ್ಮ ಕಣ್ಣಿಗೆ ಬೀಳದೆ ಉಳಿದ ಉಪ್ಪಿನ ಬಗ್ಗೆ.
ಉಲ್ಲೇಖ: ಸುಂದರಬನದ ಮೇಲೆ ತಮ್ಮ ಹಾರಾಟ, ದಿನಾಂಕ 22-05-2020.

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮನ್ನು ಕಂಡರೆ ನಮಗೆ ಬಹಳ ಗೌರವ. ಈ ದೇಶದಲ್ಲಿ ಒಂದು ಊರು ಮುಳುಗಿದೆ ಎಂಬುದು ಖಾತ್ರಿಯಾಗುವುದೇ ತಾವು ಅದರ ಮೇಲೆ ಎರಡು ಸುತ್ತು ಹೊಡೆದ ಮೇಲೆ. ಅಲ್ಲಿಯವರೆಗೆ ಅದು ಸ್ಥಳೀಯರ ದೂರು, ಅಷ್ಟೇ. ಉತ್ತರ ಕರ್ನಾಟಕದ ನೆರೆಯಲ್ಲೂ ತಮ್ಮ ದರ್ಶನ ಪಡೆದವರು ನಾವು. ಹಾಗಾಗಿ ಈ ಪತ್ರ ಬಂಗಾಳದ ಕೊಲ್ಲಿಯ ಕುರಿತಾದರೂ ಸಲಿಗೆಯಿಂದಲೇ ಬರೆಯುತ್ತಿದ್ದೇನೆ.

2020ರ ಮೇ 20ರಂದು ಅಂಫಾನ್ ಚಂಡಮಾರುತ ಗಂಟೆಗೆ 155ರಿಂದ 165 ಕಿ.ಮೀ. ವೇಗದಲ್ಲಿ ಸುಂದರಬನಕ್ಕೆ ಅಪ್ಪಳಿಸಿತು. ಎರಡೇ ದಿನಕ್ಕೆ ತಾವು ಹಾಜರ್. ಪ್ರಧಾನಿ, ಮುಖ್ಯಮಂತ್ರಿ, ರಾಜ್ಯಪಾಲರು, ಹೀಗೆ ನೆಲದ ಮೇಲೆ ಮುಖ ಕೊಟ್ಟು ಮಾತಾಡದವರನ್ನೆಲ್ಲ ಒಟ್ಟಿಗೆ ಕೂರಿಸಿ ಒಂದೇ ನೀರನ್ನು ತೋರಿಸಿದ ಪುಣ್ಯ ತಮ್ಮದು. ಆ ದಿನವೇ ಬಶೀರ್‌ಹಾಟ್‌ನಲ್ಲಿ ಸಭೆ, 1,000 ಕೋಟಿ ರೂಪಾಯಿ ಮುಂಗಡ ಘೋಷಣೆ. ಇಷ್ಟು ಚುರುಕು ಕೆಲಸಕ್ಕೆ ಯಾರೂ ಹೆಸರಿಡುವಂತಿಲ್ಲ.

ಹೊಗಳಬೇಕಾದ್ದನ್ನು ಮೊದಲೇ ಹೊಗಳಿಬಿಡುತ್ತೇನೆ. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. ಅದೇ ಒಡಿಶಾದಲ್ಲಿ 2019ರ ಫಾನಿ ಬರುವ ಮೊದಲು ಸುಮಾರು 12 ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಸತ್ತವರ ಸಂಖ್ಯೆ ನೂರು ದಾಟಲಿಲ್ಲ. ಹವಾಮಾನ ಇಲಾಖೆಯವರಿಗೂ ಸೈಕಲ್ ಮೇಲೆ ಮೈಕು ಕಟ್ಟಿಕೊಂಡು ಕೂಗಿದವರಿಗೂ ಕೈ ಮುಗಿಯಬೇಕು. ತೊಂದರೆ ಶುರುವಾಗುವುದು ಬದುಕಿ ಉಳಿದವರು ಮನೆಗೆ ಮರಳಿದ ಮೇಲೆ.

ಸುಂದರಬನದ ಬಡವರ ಮನೆ ಮಣ್ಣಿನ ಗೋಡೆಯದು, ಸಾಹೇಬರೇ. ನೀರು ಒಳಬಂದು ನಿಂತರೆ ಆ ಗೋಡೆ ಬುಡದಿಂದ ಮೆಲ್ಲಗೆ ಕರಗುತ್ತದೆ. ಮಾಡು ಮಾತ್ರ ಬಿದಿರಿನ ಕಟ್ಟು ಸಮೇತ ಇಳಿದಿಳಿದು ಬಂದು ಕೆಸರಿನ ಮೇಲೆ ಕೂತುಬಿಡುತ್ತದೆ. ಒಳಗೆ ಬೆಕ್ಕು ತೂರಲೂ ಜಾಗವಿಲ್ಲ. ಆದರೆ ತಮಗೆ ಮೇಲಿಂದ ಕಾಣುವುದು ಮಾಡು ತಾನೇ? ಮಾಡು ಇದೆ, ಆದ್ದರಿಂದ ಮನೆಯಿದೆ, ಆದ್ದರಿಂದ ‘ಭಾಗಶಃ ಹಾನಿ’. ಪಕ್ಕದಲ್ಲೇ ತಗಡು ಹಾರಿ ನಾಲ್ಕು ಇಟ್ಟಿಗೆ ಗೋಡೆ ಗಟ್ಟಿಯಾಗಿ ನಿಂತ ಮನೆ ತಮ್ಮ ಫೋಟೋದಲ್ಲಿ ಬಾಯಿ ತೆರೆದುಕೊಂಡು ‘ಪೂರ್ಣ ಹಾನಿ’ಯಾಗುತ್ತದೆ. ಪೂರ್ಣಕ್ಕೆ ರಾಜ್ಯ ಸರಕಾರ ಕೊಟ್ಟದ್ದು 20,000 ರೂಪಾಯಿ, ಭಾಗಶಃಕ್ಕೆ 5,000.

ಹಾಗೆಂದು ನೆಲದ ಮೇಲೆ ನಡೆದಾಡಿ ಪಟ್ಟಿ ಬರೆದವರ ಕಣ್ಣು ತಮಗಿಂತ ಚುರುಕಾಗಿತ್ತು ಎಂದೇನಲ್ಲ. ಎರಡಂತಸ್ತಿನ ತಾರಸಿ ಮನೆಯವರ ಹೆಸರು, ಪಂಚಾಯಿತಿ ಸದಸ್ಯರ ನೆಂಟರಿಷ್ಟರ ಹೆಸರು ಪಟ್ಟಿಯಲ್ಲಿವೆ ಎಂದು ಊರೂರಲ್ಲಿ ಗಲಾಟೆಯಾಯಿತು. ಕೆಲವರು ತೆಗೆದುಕೊಂಡ ದುಡ್ಡನ್ನು ವಾಪಸ್ ಕಟ್ಟಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಸಿಎಜಿ ಲೆಕ್ಕಪರಿಶೋಧನೆಗೆ ಆದೇಶಿಸಿತು. ತಾರಸಿ ಮನೆಯೂ ಗಾಳಿಗೆ ಪೂರ್ತಿ ಬೀಳುತ್ತದೆಂದರೆ ಗಾಳಿಗಿಂತ ಪೆನ್ನಿನ ಜೋರೇ ಹೆಚ್ಚು.

ಇನ್ನು ಉಪ್ಪು. ನಾನು ಕುಮಟಾ ಕಡೆಯವನು. ಅಘನಾಶಿನಿ ಕಡಲು ಸೇರುವಲ್ಲಿ ನಮ್ಮ ಗಜನಿ ಗದ್ದೆಗಳಿವೆ. ಒಡ್ಡು ಒಡೆದರೆ ಏನಾಗುತ್ತದೆಂದು ಅಲ್ಲಿ ಶಾಲೆಗೆ ಹೋಗುವ ಹುಡುಗರಿಗೂ ಗೊತ್ತು. ಅದಕ್ಕೇ ಹಿರಿಯರು ಕಗ್ಗ ಭತ್ತ ಬಿತ್ತುತ್ತಿದ್ದರು, ಉಪ್ಪಿಗೂ ನೆರೆಗೂ ಜಗ್ಗದ ತಳಿ. ಸುಂದರಬನದವರ ಬಳಿಯೂ ನೋನಾ ಬೊಕ್ರಾದಂಥ ಭತ್ತಗಳಿದ್ದವು. ಹೆಚ್ಚು ಇಳುವರಿಯ ಬೀಜ ಬಂದಾಗ ಅವು ಮೂಲೆಗೆ ಸರಿದವು. 2009ರ ಮೇ 25ರಂದು ಐಲಾ ಚಂಡಮಾರುತ ಬಂದು ಗದ್ದೆಗಳಿಗೆ ಸಮುದ್ರವನ್ನೇ ಹಾಯಿಸಿ ಹೋದ ಮೇಲೆ, ಹಳೇ ಬೀಜ ಯಾರ ಮನೆಯಲ್ಲಿ ಉಳಿದಿದೆ ಎಂದು ಹುಡುಕಾಟ ನಡೆಯಿತು.

ಉಪ್ಪುನೀರು ಇಳಿದ ಗದ್ದೆ ಮೇಲಿಂದ ಬಲು ಚಂದ. ಬಿಸಿಲಿಗೆ ಬಿಳಿ ಪದರ ಕಟ್ಟಿ ಮಿನುಗುತ್ತದೆ. ‘ನೀರು ಇಳಿದಿದೆ, ಪರಿಸ್ಥಿತಿ ಸುಧಾರಿಸಿದೆ’ ಎಂದು ತಾವು ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಕೆಳಗೆ ಹೊಂಡದಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಅಲ್ಲಿ ಮನೆ ಮನೆಗೂ ಹೊಂಡ. ಪಾತ್ರೆ ತೊಳೆಯಲು, ಮೀಯಲು, ದನಕ್ಕೆ, ಹಿತ್ತಿಲ ತರಕಾರಿಗೆ, ಮಧ್ಯಾಹ್ನದ ಸಾರಿನ ಮೀನಿಗೆ ಎಲ್ಲಕ್ಕೂ ಅದೇ ನೀರು. ಪಂಪು ಹಚ್ಚಿ ಆ ಉಪ್ಪುನೀರನ್ನು ಹೊರಹಾಕಬೇಕು. ಎಲ್ಲಿಗೆ? ಸುತ್ತಲಿನ ಗದ್ದೆಯೂ ಉಪ್ಪೇ. ಹೇಗೋ ಖಾಲಿ ಮಾಡಿ, ಕೊಳೆತ ಕೆಸರು ಎತ್ತಿ, ಸುಣ್ಣ ಎರಚಿ, ಮಳೆಗೆ ಬಾಯಿ ಬಿಟ್ಟು ಕೂರಬೇಕು. ಗದ್ದೆಯದು ಇನ್ನೂ ನಿಧಾನ. ಎರಡು ಮೂರು ಮಳೆಗಾಲ ತೊಳೆದ ಮೇಲೆ ಮಣ್ಣು ಬೀಜವನ್ನು ಒಪ್ಪಿದರೆ ಒಪ್ಪೀತು.

ಅರ್ಜಿ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ. ‘ಬೆಳೆ ಹಾನಿ’ ಎಂದಿದೆ, ಅದೂ ಶೇ 33ಕ್ಕೆ ಕಡಿಮೆಯಿರಬಾರದು. ಆದರೆ ಅದು ಗದ್ದೆಯಲ್ಲಿ ನಿಂತಿದ್ದ ಬೆಳೆಗೆ. ಮುಂದಿನ ವರ್ಷ ಮೊಳೆಯದ ಬೆಳೆಗೆ, ಅದರ ಮುಂದಿನ ವರ್ಷ ಬಿತ್ತಲೇ ಆಗದ ಬೆಳೆಗೆ ಪರಿಹಾರ ಕೊಡಿ ಎಂದರೆ ಗುಮಾಸ್ತರು ಕನ್ನಡಕ ಇಳಿಸಿ ಅರ್ಜಿದಾರನ ಮುಖ ನೋಡುತ್ತಾರೆ. ಪಾಪ, ಅವರ ತಪ್ಪಲ್ಲ. ಮೇಲಿಂದ ಕಂಡದ್ದಕ್ಕಷ್ಟೇ ಅವರ ಬಳಿ ಗೆರೆ ಹಾಕಿದ ಕಾಗದ ಇರುವುದು.

ಒಡ್ಡಿನ ಕಥೆ ಕೇಳಿ. ಸುಂದರಬನವನ್ನು ಕಾಯುವುದು ಸುಮಾರು 3,500 ಕಿ.ಮೀ. ಉದ್ದದ ಒಡ್ಡು, ಬಹುಪಾಲು ಬರೀ ಮಣ್ಣಿನದು. ಐಲಾ ನಂತರ 778 ಕಿ.ಮೀ. ಒಡ್ಡನ್ನು ಗಟ್ಟಿಯಾಗಿ ಕಟ್ಟಲು 5,032 ಕೋಟಿ ರೂಪಾಯಿಯ ಯೋಜನೆ ಬಂತು. ಗಟ್ಟಿ ಒಡ್ಡಿಗೆ ಅಗಲ ಬುಡ ಬೇಕು, ಅಗಲ ಬುಡಕ್ಕೆ ಯಾರದೋ ಗದ್ದೆ ಬೇಕು. ಭೂಸ್ವಾಧೀನದ ಕಡತ ಅಲ್ಲೇ ಕೂತಿತು. ಕಟ್ಟಿದ್ದು ಅಲ್ಲಿಷ್ಟು ಇಲ್ಲಿಷ್ಟು. ಹನ್ನೊಂದು ವರ್ಷ ಕಳೆದು ಅಂಫಾನ್ ಬಂದಾಗ ಎದುರು ನಿಂತದ್ದು ಹೆಚ್ಚಿನ ಕಡೆ ಅದೇ ಹಳೇ ಮಣ್ಣು. ಎರಡು ಉಬ್ಬರಗಳ ನಡುವೆ ಸಿಗುವ ಇಳಿತದ ಹೊತ್ತಿನಲ್ಲಿ ಊರವರೇ ಹೆಂಗಸರು ಮಕ್ಕಳೆನ್ನದೆ ಮಣ್ಣು ಹೊತ್ತು ಬಿರುಕು ಮುಚ್ಚಿದರು.

ವರ್ಷ ತುಂಬಿತು. 2021ರ ಮೇ 26ರಂದು ಯಾಸ್ ಬಂತು, ಆದರೆ ದಡ ಹತ್ತಿದ್ದು ದೂರದ ಒಡಿಶಾದ ಬಾಲಸೋರ್ ಬಳಿ. ಸುಂದರಬನದವರು ಬಚಾವಾಗಬೇಕಿತ್ತು. ಅಂದು ಹುಣ್ಣಿಮೆ, ಉಬ್ಬರ ಹೇಗೂ ಜೋರು. ನೀರು ಒಡ್ಡು ಹಾರಿ ಬಂದು, ಒಂದು ಮಳೆಗಾಲ ತೊಳೆದಿಟ್ಟ ಗದ್ದೆಗೆ ಮತ್ತೆ ಉಪ್ಪು ಸುರಿದು ಹೋಯಿತು. ಸಾಲ ಮಾಡಿ ಹೊಂಡ ಖಾಲಿ ಮಾಡಿಸಿದವನು ಆ ಸಾಲ ತೀರುವ ಮೊದಲೇ ಎರಡನೇ ಸಲ ಪಂಪು ಬಾಡಿಗೆಗೆ ತರಬೇಕಾಯಿತು.

ದುಡ್ಡಿನ ವಿಷಯ ಹೆಚ್ಚು ಬೆಳೆಸುವುದಿಲ್ಲ. ಅಂಫಾನ್ ನಷ್ಟ ಒಂದು ಲಕ್ಷ ಕೋಟಿಗೂ ಮೇಲೆ ಎಂದು ರಾಜ್ಯ ಹೇಳಿತು. ಆ ನವೆಂಬರ್‌ನಲ್ಲಿ ಕೇಂದ್ರ ಮಂಜೂರು ಮಾಡಿದ್ದು 2,707.77 ಕೋಟಿ. ಎಷ್ಟು ಏರಿಸಿ ಕೇಳಬೇಕೆಂದು ಕೇಳುವವರಿಗೆ ಗೊತ್ತು, ಎಷ್ಟು ಇಳಿಸಿ ಕೊಡಬೇಕೆಂದು ಕೊಡುವವರಿಗೆ ಗೊತ್ತು. ದಶಮಾಂಶದ ಆಚೆಗಿನ 77ನ್ನು ಯಾವ ಹೊಂಡದಲ್ಲಿ ಅಳೆದರೋ ತಿಳಿಯದು. ಐದು ಕೋಟಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುವ ಘೋಷಣೆಯೂ ಆಯಿತು. ನೆಟ್ಟಾಗ ತೆಗೆದ ಫೋಟೋ ಇರುತ್ತದೆ. ಬದುಕಿದವುಗಳ ಫೋಟೋ ತೆಗೆಯಲು ತಾವೇ ಒಮ್ಮೆ ಪುರಸೊತ್ತು ಮಾಡಿಕೊಳ್ಳಬೇಕು.

ಹಾಗಾದರೆ ಪುನರ್ನಿರ್ಮಾಣ ನಡೆದೇ ಇಲ್ಲವೇ ಎಂದು ತಾವು ಕೇಳಬಹುದು. ಭರದಿಂದ ನಡೆದಿದೆ, ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ. ಗದ್ದೆ ಉಪ್ಪಾದ ಮೇಲೆ ಗಂಡಸರು ರೈಲು ಹತ್ತಿದರು: ಕೇರಳಕ್ಕೆ, ತಮಿಳುನಾಡಿಗೆ, ನಮ್ಮಲ್ಲಿಗೆ. ಇಪ್ಪತ್ತನೇ ಮಹಡಿಯ ಸೆಂಟ್ರಿಂಗ್ ಬಿಚ್ಚುತ್ತಿರುವವರ ನಡುವೆ ಸ್ವಂತ ಊರಲ್ಲಿ ಎಂಟಡಿ ಮಣ್ಣಿನ ಗೋಡೆ ಎಬ್ಬಿಸಲಾಗದವರು ಎಷ್ಟು ಜನರೋ. ಅಲ್ಲಿ ಮೇಲೆ ಹಾರುವಾಗ ತಮಗೆ ಹಳದಿ ಹೆಲ್ಮೆಟ್ ಕಂಡಿರಬಹುದು. ಅದು ತಮ್ಮ ಸಮೀಕ್ಷೆಯ ವ್ಯಾಪ್ತಿಯೊಳಗೆ ಬರುವುದಿಲ್ಲವೆಂದು ಬಲ್ಲೆ.

ಮುಂದಿನ ಮೇ ತಿಂಗಳಿಗೆ ನನ್ನ ಬೇಡಿಕೆ ಒಂದೇ: ಇಳಿಯಿರಿ. ತಾವು ಇಳಿಯುತ್ತೀರೆಂದು ಸುದ್ದಿ ಬಂದರೆ ಸಾಕು, ಎಂಥ ಕೆಸರಿನಲ್ಲೂ ಒಂದೇ ರಾತ್ರಿಯಲ್ಲಿ ಹೆಲಿಪ್ಯಾಡ್ ಎದ್ದು ನಿಲ್ಲುತ್ತದೆ. ಲಾರಿಗಟ್ಟಲೆ ಜಲ್ಲಿ, ರೋಲರ್, ಬ್ಯಾರಿಕೇಡ್, ಜನರೇಟರ್ ಎಲ್ಲವೂ ಎಲ್ಲಿಂದಲೋ ಪ್ರತ್ಯಕ್ಷ. ಭೂಸ್ವಾಧೀನದ ತಕರಾರೂ ಕೇಳಿಬರುವುದಿಲ್ಲ. ಸಾಧ್ಯವಾದರೆ ಆ ಹೆಲಿಪ್ಯಾಡನ್ನು ಒಡ್ಡು ಒಡೆದ ಜಾಗದಲ್ಲೇ, ಉದ್ದಕ್ಕೆ, ಒಂದು 778 ಕಿ.ಮೀ. ಹಾಕಿಸಿಕೊಳ್ಳಿ. ಅಷ್ಟು ಆಗದಿದ್ದರೆ, ನಡುವೆ ‘ಎಚ್’ ಅಕ್ಷರ ಬರೆಯಲು ತಂದ ಸುಣ್ಣದಲ್ಲಿ ಮಿಕ್ಕ ಮೂಟೆಗಳನ್ನಾದರೂ ಅಲ್ಲೇ ಬಿಟ್ಟು ಹೋಗುವಂತೆ ಹೇಳಿ. ಹೊಂಡಕ್ಕೆ ಬೇಕು.

ಇಂತಿ ತಮ್ಮ ವಿಧೇಯ,
ನೆಲದ ಮೇಲಿರುವ ಒಬ್ಬ ಕನ್ನಡಿಗ

ಪ್ರತಿ: ಹೆಲಿಪ್ಯಾಡ್ ಗುತ್ತಿಗೆದಾರರಿಗೆ, ಮೂಟೆ ಲೆಕ್ಕದ ಸಲುವಾಗಿ.