ಬಿಟ್ಟುಹೋದ ‘ಎಚ್’ ಮತ್ತು ಬೆಥೆಸ್ಡಾದ ಮೇಷ್ಟ್ರು

ಕಣ್ಣಿನ ವೈದ್ಯಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಆಫ್ತಲ್ಮಾಲಜಿ ಅನ್ನುತ್ತಾರೆ. ಬರೆಯುವಾಗ ‘ಪಿ’ ಆದಮೇಲೊಂದು ‘ಎಚ್’, ‘ಟಿ’ ಆದಮೇಲೆ ಮತ್ತೊಂದು. ಮೊದಲನೆಯ ಎಚ್ಚನ್ನು ಬೋರ್ಡು ಬರೆಯುವ ಪೇಂಟರಿನಿಂದ ಹಿಡಿದು ದೊಡ್ಡ ಪಂಡಿತರವರೆಗೆ ಎಲ್ಲರೂ ನುಂಗುತ್ತಾರೆ. ಅಕಾರ ಹಕಾರಗಳ ಮಧ್ಯೆ ಬಡಿದಾಡಿಕೊಂಡೇ ಬೆಳೆದ ನಮಗೆ ಇದೇನು ಹೊಸದಲ್ಲ. ಹಾಲನ್ನು ‘ಆಲು’ ಎಂದವನಿಗೆ ಬೆತ್ತ ತೋರಿಸಿದ ಮೇಷ್ಟ್ರೇ, ‘ಡಯರಿಯಾ’ ಬರೆಯುವ ಪ್ರಸಂಗ ಬಂದಾಗ ‘ಆರ್’ ಎಷ್ಟು, ‘ಎಚ್’ ಎಲ್ಲಿ ಎಂದು ಪೆನ್ನು ಕಚ್ಚುತ್ತಾರೆ. ರಜಾ ಅರ್ಜಿಗಳಲ್ಲಿ ಭೇದಿಗಿಂತ ‘ಫೀವರ್’ ಹೆಚ್ಚಾಗಿ ಕಾಣುವುದಕ್ಕೆ ಸಂಕೋಚ ಒಂದೇ ಕಾರಣ ಇರಲಾರದು.

ಮೊದಲು ಇದರಿಂದ ಅಂಥ ನಷ್ಟವಿರಲಿಲ್ಲ. ಜಾನ್ ಶಾ ಬಿಲ್ಲಿಂಗ್ಸ್ ಎಂಬ ಅಮೆರಿಕದ ಸೇನಾ ವೈದ್ಯ 1879ರಲ್ಲಿ ‘ಇಂಡೆಕ್ಸ್ ಮೆಡಿಕಸ್’ ಶುರುಮಾಡಿದ. ವೈದ್ಯಕೀಯ ಲೇಖನಗಳ ದಪ್ಪ ಅಕಾರಾದಿ ಸೂಚಿ. ತಪ್ಪು ಕಾಗುಣಿತ ಹಿಡಿದುಕೊಂಡು ಹೋದರೂ ಸರಿಯಾದ ಪದ ನಾಲ್ಕು ಸಾಲು ಮೇಲೋ ಕೆಳಗೋ ಇರುತ್ತಿತ್ತು. ಬೆರಳು ಜಾರಿ ತಾನಾಗಿ ಅಲ್ಲಿ ನಿಲ್ಲುತ್ತಿತ್ತು. ಕಂಪ್ಯೂಟರಿಗೆ ಈ ಜಾರುವ ಬೆರಳಿಲ್ಲ. ಬೆಥೆಸ್ಡಾದಲ್ಲಿರುವ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1997ರಲ್ಲಿ ಪಬ್‌ಮೆಡ್ ಎಂಬ ಹುಡುಕುತಾಣವನ್ನು ಜಗತ್ತಿಗೆಲ್ಲ ಪುಕ್ಕಟೆಯಾಗಿ ತೆರೆದಿಟ್ಟಿತು. ಇವತ್ತು ಅದರಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರ ಇದೆ. ಅಷ್ಟೂ ಇದ್ದು, ಒಂದು ಎಚ್ ಬಿಟ್ಟದ್ದಕ್ಕೆ ಬರಿಗೈಲಿ ಕಳಿಸುವುದು ಎಂದರೆ ಊಟಕ್ಕೆ ಕರೆದು ಎಲೆ ಹಾಕದ ಹಾಗೆ.

ಅದಕ್ಕೇ ಅಲ್ಲೊಬ್ಬ ಮೇಷ್ಟ್ರನ್ನು ಕೂರಿಸಿದ್ದಾರೆ. ಪ್ರೋಗ್ರಾಮರುಗಳ ಬಾಯಲ್ಲಿ ಅವನ ಹೆಸರು ಇಸ್ಪೆಲ್. ಆಸ್ತಮಾದ ಬಾಲಕ್ಕೆ ಇನ್ನೊಂದು ‘ಎ’ ಸೇರಿಸಿ, ಅಲರ್ಜಿಯಲ್ಲಿ ಒಂದು ‘ಎಲ್’ ಕದ್ದು ಕೊಟ್ಟರೂ ಎರಡನ್ನೂ ನೇರಮಾಡಿ ವಾಪಸು ಕೊಡುತ್ತಾನೆ. ಪಬ್‌ಮೆಡ್ಡಿನ ತಿದ್ದುಪಡಿಯ ಒಳಗುಟ್ಟನ್ನು ಅಲ್ಲಿನ ವಿಲ್ಬರ್, ಕಿಮ್, ಶೀ ಎಂಬ ಸಂಶೋಧಕರು 2006ರಲ್ಲಿ ಬರೆದು ಪ್ರಕಟಿಸಿದರು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಪಾಠ ಕಲಿತ ರೀತಿ. ಜನ ಹುಡುಕಲು ಟೈಪಿಸಿದ ಪದಗಳ ದಾಖಲೆಯನ್ನೇ ಅವರು ಪಠ್ಯಪುಸ್ತಕ ಮಾಡಿಕೊಂಡರು. ಯಾವ ಅಕ್ಷರ ಎಲ್ಲಿ ಬಿಟ್ಟುಹೋಗುತ್ತದೆ, ಯಾವುದು ಇಮ್ಮಡಿಯಾಗುತ್ತದೆ, ಯಾವ ಎರಡು ಅದಲುಬದಲಾಗುತ್ತವೆ ಎಂಬ ಲೆಕ್ಕವನ್ನೆಲ್ಲ ಅದರಿಂದಲೇ ತೆಗೆದರು. ಬಹುಪಾಲು ತಪ್ಪುಗಳು ಇಂಥ ಒಂದೇ ಒಂದು ಎಡವಟ್ಟಿನಿಂದ ಆಗುತ್ತವೆಂದು ಡ್ಯಾಮರೊ ಎಂಬವರು 1964ರಲ್ಲೇ ತೋರಿಸಿಕೊಟ್ಟಿದ್ದರು. ಬರೆದವನ ಮನಸ್ಸಿನಲ್ಲಿದ್ದದ್ದು ಸರಿಯಾದ ಪದವೇ, ಕೀಲಿಮಣೆ ತಲುಪುವ ದಾರಿಯಲ್ಲಿ ಕೆಟ್ಟಿತು ಎಂದು ನಂಬಿಕೊಂಡು, ಯಾವ ಪದ ಈ ರೀತಿ ಕೆಟ್ಟಿರಬಹುದು ಎಂದು ಯಂತ್ರ ತೂಗಿನೋಡುತ್ತದೆ. ತಪ್ಪು ಬರೆದವನ ಬಗ್ಗೆ ಇಷ್ಟು ಸದಭಿಪ್ರಾಯ ಇಟ್ಟುಕೊಂಡ ಮೇಷ್ಟ್ರು ನಮ್ಮ ಕಾಲದಲ್ಲಿ ಇರಲಿಲ್ಲ.

ಆದರೆ ಸರಿಯಾಗಿ ಬರೆದ ತಪ್ಪಿನ ಮುಂದೆ ಈ ಮೇಷ್ಟ್ರ ಆಟ ನಡೆಯುವುದಿಲ್ಲ. ಕಾಲಿನ ಹೊರಬದಿಯ ನರಕ್ಕೆ ‘ಪೆರೋನಿಯಲ್’ ಎಂದು ಹೆಸರು; ‘ಪೆರಿನಿಯಲ್’ ಎಂದರೆ ತೊಡೆಸಂದಿನ ನಡುವಣ, ನಾಲ್ಕು ಜನರೆದುರು ಹೆಸರಿಸಲು ಹಿಂಜರಿಯುವ ಜಾಗ. ಎರಡೂ ಶುದ್ಧ ಪದಗಳೇ. ಯಂತ್ರ ಕಮಕ್ ಕಿಮಕ್ ಅನ್ನುವುದಿಲ್ಲ. ಕಾಲಿನದಕ್ಕೆ ಈಗ ‘ಫಿಬ್ಯುಲರ್’ ಎಂಬ ಹೆಸರನ್ನೇ ಮುಂದೆ ಮಾಡಿದ್ದಾರೆ. ಮಾತ್ರೆಗಳದ್ದೂ ಇದೇ ಗೋಳು. ಹೊಟ್ಟೆಯ ಆಮ್ಲಕ್ಕೆ ಕೊಡುವ ‘ಲೋಸೆಕ್’, ಮೂತ್ರ ಹೆಚ್ಚಿಸುವ ‘ಲೇಸಿಕ್ಸ್’ ಜೊತೆ ಗೊಂದಲವಾಗುತ್ತದೆಂದು ಅಮೆರಿಕದಲ್ಲಿ 1990ರಲ್ಲಿ ಅದಕ್ಕೆ ‘ಪ್ರೈಲೋಸೆಕ್’ ಎಂದು ಮರುನಾಮಕರಣವಾಯಿತು. ಆಮೇಲೆ ಅದನ್ನು ಖಿನ್ನತೆಯ ‘ಪ್ರೋಜ್ಯಾಕ್’ ಜೊತೆ ಬೆರೆಸಿಕೊಳ್ಳತೊಡಗಿದರು!

ಇನ್ನೊಂದು ಕಷ್ಟ, ಅಪರೂಪದ ಪದಗಳದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಜನರೂ ಜ್ವರದಿಂದ ಸತ್ತರು. ನಮ್ಮ ಮಂಗನ ಕಾಯಿಲೆ ಬೆಥೆಸ್ಡಾದ ವಿಷಯಸೂಚಿಯಲ್ಲಿ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಆಗಿ ಕೂತಿದೆ. ಆ ಹೆಸರನ್ನು ಹುಡುಕುವವರು ಮಧುಮೇಹ ಹುಡುಕುವವರ ಮುಂದೆ ಒಂದು ಹಿಡಿ ಇರಬಹುದು. ಬರೀ ಜನಮತ ನೋಡಿ ತಿದ್ದುವ ಯಂತ್ರ ಇಂಥ ಪದವನ್ನು ಕಂಡರೆ ಇದೂ ಯಾವುದೋ ಬೆರಳ ತಪ್ಪು ಎಂದುಕೊಳ್ಳುವ ಅಪಾಯ ಇದ್ದೇ ಇದೆ. ಹಾಗಾಗಿ ಅದು ತಿದ್ದುವುದಕ್ಕಿಂತ, ತಿದ್ದದೆ ಸುಮ್ಮನಿರುವುದನ್ನು ಕಲಿಯುವುದೇ ದೊಡ್ಡ ವಿದ್ಯೆ ಎಂದು ನನ್ನ ಅಭಿಪ್ರಾಯ. ಮನೆಯ ಹಿರಿಯರಿಗೂ ಇದನ್ನು ಕಲಿಸುವ ಸಾಫ್ಟ್‌ವೇರ್ ಬಂದರೆ ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.

ಇನ್ನು ಲೇಖಕರ ಹೆಸರು. ಮೂರ್ತಿ ಎಂಬುದನ್ನು ಇಂಗ್ಲಿಷಿನಲ್ಲಿ ‘ಟಿ’ ಹಾಕಿ, ‘ಟಿಎಚ್’ ಹಾಕಿ, ‘ಯು’ ಒಂದಿಟ್ಟು, ‘ಓ’ ಎರಡಿಟ್ಟು, ಕೊನೆಗೆ ‘ಐ’ ಅಥವಾ ‘ವೈ’ ಇಟ್ಟು ಬರೆಯುವವರೆಲ್ಲ ಇದ್ದಾರೆ, ಎಲ್ಲರೂ ಸರಿ. ಅದರ ಮೇಲೆ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಮುಂದೊಮ್ಮೆ ಹಿಂದೊಮ್ಮೆ ಓಡಾಡುತ್ತವೆ. ಒಬ್ಬರೇ ಡಾಕ್ಟರು ಮೂವರಾಗಿ ಪ್ರಬಂಧ ಪ್ರಕಟಿಸಿ, ಬಡ್ತಿಯ ಸಂದರ್ಶನದಲ್ಲಿ ಆ ಮೂವರೂ ನಾನೇ ಎಂದು ರುಜುವಾತು ಮಾಡಬೇಕಾಗುತ್ತದೆ. ಈ ಜಂಜಾಟ ತಪ್ಪಲೆಂದು 2012ರಿಂದ ಆರ್ಕಿಡ್ ಎಂಬ ಹದಿನಾರು ಸ್ಥಾನದ ಗುರುತು ಕೊಡುತ್ತಿದ್ದಾರೆ. ಅಂಕಿಗಳಿಗೆ ಕಾಗುಣಿತದ ಕಾಟವಿಲ್ಲ ನೋಡಿ. ಆದರೂ ಕೊಟ್ಟವರಿಗೆ ಮನುಷ್ಯರ ಬೆರಳಿನ ಪರಿಚಯ ಚೆನ್ನಾಗಿತ್ತು. ಹದಿನಾರನೆಯ ಸ್ಥಾನವನ್ನು, ಮೊದಲ ಹದಿನೈದನ್ನು ಸರಿಯಾಗಿ ಟೈಪಿಸಿದ್ದೀರೋ ಇಲ್ಲವೋ ನೋಡುವುದಕ್ಕೇ ಮೀಸಲಿಟ್ಟಿದ್ದಾರೆ.